ನಾನು ಸಿಕ್ಕಿಸಿದ ತಂತಿ

ರಾಯಚೂರಿನ ಒಂದು ಖಾಸಗಿ ಪರೀಕ್ಷಾ ಕೇಂದ್ರದಲ್ಲಿ ನಾನು ಅಟೆಂಡರ್ ಆಗಿದ್ದೆ. ಅಲ್ಲಿನ ನಲವತ್ತು ಕಂಪ್ಯೂಟರುಗಳಲ್ಲಿ ಒಂದಕ್ಕೂ ಸ್ವಂತ ಡಿಸ್ಕ್ ಇರಲಿಲ್ಲ. ಬಟನ್ ಒತ್ತಿದರೆ ಅವು ತಂತಿಯ ಮೂಲಕ ಒಳಕೋಣೆಯ ಸರ್ವರನ್ನು ಕೇಳಿ ಎಚ್ಚರಗೊಳ್ಳುತ್ತಿದ್ದವು. ತಂತಿಗಳೆಲ್ಲ ಬಂದು ಕೂಡುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತಾರೆ. ಇಷ್ಟನ್ನು ನನಗೆ ಹೇಳಿಕೊಟ್ಟವಳು ದೇವದುರ್ಗದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಟೆಕ್ನಿಷಿಯನ್ ಹುಡುಗಿ. ಅವಳದು ಗುತ್ತಿಗೆ ನೌಕರಿ. ಆ ತಿಂಗಳು ಗುತ್ತಿಗೆ ಮುಂದುವರಿಯಬೇಕಿತ್ತು.

ಖಂಡೇ ಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಯಂತ್ರಗಳನ್ನೆಲ್ಲ ಬಂದ್ ಮಾಡಿ, ಒರೆಸಿ, ಕುಂಕುಮ ಹಚ್ಚಿದೆ. ಸ್ವಿಚ್ಚಿನಿಂದ ಒಂದು ತಂತಿಯ ತುದಿ ಜೋತು ಬಿದ್ದಿತ್ತು. ಅವಳು ಪರೀಕ್ಷಿಸಲು ಬಳಸುತ್ತಿದ್ದ ಹೆಚ್ಚುವರಿ ತಂತಿ ಅದು. ಪೂಜೆಗೆ ಇಟ್ಟ ಸಾಮಾನು ಅಡ್ಡಾದಿಡ್ಡಿ ಕಾಣಬಾರದೆಂದು ಆ ತುದಿಯನ್ನು ಅದೇ ಪೆಟ್ಟಿಗೆಯ ಖಾಲಿ ತೂತಿಗೆ ಸಿಕ್ಕಿಸಿದೆ.

ರಜೆ ಮುಗಿದ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಒಂಬತ್ತಕ್ಕೆ ಬಟನ್ ಒತ್ತಿದೆವು. ನಲವತ್ತೂ ಪರದೆಗಳು ಕಪ್ಪಗೇ ಉಳಿದವು. ಮಾನ್ವಿಯಿಂದ ಬಂದ ಮಕ್ಕಳು ಹಾಲ್‌ಟಿಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಸರ್ವರ್ ಸರಿಯಾಗಿತ್ತು. ಸ್ವಿಚ್ಚಿನ ದೀಪಗಳು ಮಾತ್ರ ಹುಚ್ಚು ಹಿಡಿದಂತೆ ಒಟ್ಟಿಗೇ ಮಿಣುಕುತ್ತಿದ್ದವು.

“ಯಪ್ಪಾ, ಇದನ್ನ ಯಾರಾದ್ರೂ ಮುಟ್ಟ್ಯಾರೇನ್ರಿ?” ಎಂದು ಹುಡುಗಿ ನನ್ನನ್ನು ಕೇಳಿದಳು.

“ಇಲ್ಲವ್ವಾ. ನಾ ಕುಂಕುಮ ಅಷ್ಟ ಹಚ್ಚೀನಿ.”

“ಕುಂಕುಮಕ್ಕ ಇದು ಹಿಂಗ ಕುಣಿಯಾಂಗಿಲ್ರಿ,” ಎಂದು ನಕ್ಕಳು.

ಅಷ್ಟರಲ್ಲಿ ಮ್ಯಾನೇಜರ್ ಬಂದರು. “ಏನವಾ, ನಿನ್ನ ಮಶೀನು ಹೋಳಿಗಿ ಉಂಡು ಇನ್ನಾ ಮಲಗ್ಯಾವೇನು?”

ಅವಳು ತಂತಿಗಳನ್ನೆಲ್ಲ ಕಿತ್ತಳು. ಮೊದಲು ಸರ್ವರಿನದನ್ನು ಹಾಕಿ, ಉಳಿದವನ್ನು ಒಂದೊಂದಾಗಿ ಸಿಕ್ಕಿಸುತ್ತ, ಪ್ರತಿ ಸಲ ದೀಪ ನೋಡುತ್ತ ಬಂದಳು. ಗಂಟೆ ಹತ್ತು ದಾಟಿತು. ಯಂತ್ರಗಳು ಎದ್ದವು. ಕೊನೆಗೆ ಒಂದೇ ತಂತಿ ಉಳಿಯಿತು, ಅದರ ಎರಡೂ ತುದಿಗಳು ಅವಳ ಕೈಯಲ್ಲೇ ಇದ್ದವು. ಪೆಟ್ಟಿಗೆಯಿಂದ ಹೊರಟ ಮಾತು ಅದರಲ್ಲಿ ಸುತ್ತಿ ಮತ್ತೆ ಅದೇ ಪೆಟ್ಟಿಗೆಗೆ ನುಗ್ಗಿ, ಬೇರೆ ಯಾವ ಮಾತಿಗೂ ದಾರಿ ಕೊಟ್ಟಿರಲಿಲ್ಲ. ಒಂದು ತುದಿಯ ಮೇಲೆ ಕುಂಕುಮದ ಬೆರಳಗುರುತಿತ್ತು. ಅವಳು ನನ್ನನ್ನು ನೋಡಿದಳು. ಕಾದಳು. ಆಮೇಲೆ ವೇಲಿನಿಂದ ಅದನ್ನು ಒರೆಸಿಬಿಟ್ಟಳು.

“ಯಾರ್ ಹಾಕಿದ್ರು ಇದನ್ನ?” ಎಂದರು ಮ್ಯಾನೇಜರ್.

ನನಗಾಗ ಅರವತ್ತೆರಡು. ಈ ಕೆಲಸ ಹೋದರೆ ಮತ್ತೆ ಯಾರು ಕೊಡುತ್ತಾರೆಂಬ ಹೆದರಿಕೆ. ಬಾಯಿ ತೆರೆಯಲಿಲ್ಲ. ಅವಳೂ ತೆರೆಯಲಿಲ್ಲ.

“ತಂತಿ ಕೆಲಸ ನಿಂದ ಅಲ್ಲೇನು? ಒಂದನೇ ತಾರೀಕಿನಿಂದ ಬರಬ್ಯಾಡ.”

ಅವಳು ಹೋದ ಮೇಲೆ, ಎಂಟು ದಿನ ತಡವಾಗಿ, ಮ್ಯಾನೇಜರ ಎದುರು ನಿಂತು ನಿಜ ಹೇಳಿದೆ.

“ಈಗ್ಯಾಕ ಹೇಳ್ತೀರಿ ಯಜಮಾನ್ರ? ಆಕಿ ಜಾಗಕ್ಕ ಬ್ಯಾರೇದವ್ರು ಬಂದಾರ. ಹೋಗ್ರಿ, ಕಸ ಹೊಡೀರಿ.”

ಹೋಗಿ ಕಸ ಹೊಡೆದೆ. ಇನ್ನೂ ಎರಡು ವರ್ಷ ಅಲ್ಲೇ ಸಂಬಳ ತೆಗೆದುಕೊಂಡೆ.

ಅವಳ ಮುಂದೆ ತಪ್ಪು ಒಪ್ಪಿಕೊಳ್ಳಬೇಕೆಂದು ದೇವದುರ್ಗದ ಬಸ್ಸಿಗಾಗಿ ಮೂರು ಸಲ ನಿಲ್ದಾಣಕ್ಕೆ ಹೋಗಿದ್ದೇನೆ. ಮೂರು ಸಲವೂ ಬಸ್ಸು ತುಂಬಿತ್ತೆಂದು ಮನೆಯಲ್ಲಿ ಹೇಳಿದ್ದೇನೆ. ಸೀಟುಗಳು ಖಾಲಿ ಇದ್ದವು.