ಕೈಯಲ್ಲಿ ಕಲಸಿದ ಹಿಟ್ಟು, ಸೌಟಿನಲ್ಲಿ ಕಲಸಿದ ಹಿಟ್ಟು

ಅತ್ತೆಯ ಬಲಗೈ ಮಣಿಕಟ್ಟು ಊದಿಕೊಂಡಾಗ, ಆ ಕೈಗೆ ಭಾರದ ಕೆಲಸ ಬೇಡವೆಂದು ಡಾಕ್ಟರು ಹೇಳಿ ಕಳಿಸಿದ್ದರು. ಅತ್ತೆ ಬಟ್ಟೆ ಹಿಂಡುವುದನ್ನು ಬಿಟ್ಟರು, ಕಾಯಿ ತುರಿಯುವುದನ್ನು ನನಗೆ ಬಿಟ್ಟುಕೊಟ್ಟರು. ಇಡ್ಲಿ ಹಿಟ್ಟು ಕಲಸುವುದನ್ನು ಮಾತ್ರ ಬಿಡಲಿಲ್ಲ. ರುಬ್ಬಿದ ಉದ್ದಿಗೆ ಅಕ್ಕಿ ತರಿ ಸೇರಿಸಿ, ಅಷ್ಟು ಗಟ್ಟಿ ಹಿಟ್ಟನ್ನು ಕೈಯಲ್ಲಿ ತಿರುವಿದ ಮೇಲೆ ಊಟಕ್ಕೆ ಕೂತರೆ ತುತ್ತು ಎತ್ತಲಾರದೆ ಮುಖ ಕಿವುಚುತ್ತಿದ್ದರು.

"ಸೌಟಲ್ಲಿ ನಾನು ಕಲಸ್ತೀನಿ ಬಿಡಿ ಅತ್ತೆ," ಎಂದೆ.

"ಸೌಟಿಗೇನು ಗೊತ್ತು ಕಣಮ್ಮ? ನನ್ನ ಕೈ ಬಿದ್ರೇನೇ ಅದು ಉಬ್ಬೋದು. ಈ ಚಳೀಲಿ ಇಡ್ಲಿ ಕಲ್ಲಾದ್ರೆ ನಿನ್ನ ಗಂಡನ್ನ ನೀನೇ ಸುಧಾರಿಸ್ಕೋ."

ಬಿ.ಎಸ್ಸಿ. ಓದುತ್ತಿದ್ದ ನನ್ನ ಮಗಳಿಗೆ ಅಷ್ಟೇ ಸಾಕಾಯಿತು. "ಪರೀಕ್ಷೆ ಮಾಡ್ಬುಡೋಣ ಅಜ್ಜಿ. ಸೌಟಿನ ಹಿಟ್ಟೂ ಅಷ್ಟೇ ಉಬ್ಬಿದ್ರೆ ನೀವು ಕೈಗೆ ರೆಸ್ಟ್ ಕೊಡ್ಬೇಕು."

ಗೆಲ್ಲುವ ಧೈರ್ಯದಲ್ಲಿ ಅತ್ತೆ ಒಪ್ಪಿದರು.

ಒಂದೇ ಸಲ ರುಬ್ಬಿದ ಹಿಟ್ಟು, ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬ, ಇಡುವ ಜಾಗವೂ ಒಂದೇ. ಕಲಸುವ ರೀತಿ ಮಾತ್ರ ಬೇರೆ. ಎರಡೆರಡು ವಿಷಯ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ ಎಂದಳು ಮಗಳು. ಅದು ನನಗೆ ಚೆನ್ನಾಗಿ ಅರ್ಥವಾಯಿತು. ಒಮ್ಮೆ ಹೊಸ ಬೇಳೆ, ಹೊಸ ಸಾರಿನ ಪುಡಿ ಎರಡನ್ನೂ ಒಟ್ಟಿಗೆ ಬಳಸಿ ಸಾರು ಕೆಟ್ಟಿತ್ತು. ಯಾವುದನ್ನು ಬೈಯಬೇಕೋ ಇವತ್ತಿಗೂ ಗೊತ್ತಿಲ್ಲ.

ಬೆಳಿಗ್ಗೆ ನೋಡಿದರೆ ಸೌಟಿನ ಹಿಟ್ಟು ಮುಚ್ಚಳವನ್ನೇ ಎತ್ತಿತ್ತು. ಕೈಯ ಹಿಟ್ಟು ಅರ್ಧಕ್ಕೇ ನಿಂತಿತ್ತು. ಕುಣಿಯುವುದೊಂದು ಬಾಕಿ, ಅಷ್ಟರಲ್ಲಿ ಗೆದ್ದ ಡಬ್ಬದ ಸುತ್ತ ಅತ್ತೆಯ ಉಣ್ಣೆ ಶಾಲು ಕಂಡಿತು.

"ಪಾಪ, ಕೈ ಶಾಖ ಕಾಣದ ಹಿಟ್ಟು, ಚಳಿಗೆ ಏನಾದೀತೋ ಅಂತ ಹೊದಿಸ್ದೆ," ಎಂದರು ಅತ್ತೆ.

"ಎದುರಾಳಿಗೆ ಯಾರಾದ್ರೂ ಶಾಲು ಹೊದಿಸ್ತಾರಾ ಅಜ್ಜಿ?" ಮಗಳು ತಲೆಯ ಮೇಲೆ ಕೈಹೊತ್ತು ಕೂತಳು.

"ಅದನ್ನೂ ನೀವೇ ತಾನೆ ತಿನ್ನೋದು?"

ಆ ಪರೀಕ್ಷೆ ಲೆಕ್ಕಕ್ಕಿಲ್ಲವೆಂದಾಯಿತು. ಮಧ್ಯಾಹ್ನಕ್ಕೂ ಇಡ್ಲಿಯೇ.

ಮುಂದಿನ ಸಲ ಶಾಲು ಬೀರುವಿಗೆ ಹೋಯಿತು. ಕಲಸಿದ ಮೇಲೆ ಯಾವ ಡಬ್ಬ ಯಾವುದೆಂಬ ಗುರುತನ್ನು ಮಗಳು ತಳದಲ್ಲಿ ಅಂಟಿಸಿ, ಡಬ್ಬಗಳನ್ನು ಅದಲುಬದಲು ಮಾಡಿಟ್ಟಳು; ನಮಗಿಬ್ಬರಿಗೂ ತೋರಿಸಲಿಲ್ಲ. ಬೆಳಿಗ್ಗೆ ಎರಡೂ ಒಂದೇ ಸಮ ಉಬ್ಬಿದ್ದವು. ಬೇಯಿಸಿ ಎರಡು ತಟ್ಟೆಯಲ್ಲಿ ಇಟ್ಟಾಗ ಅತ್ತೆ ಬೆರಳಿನಿಂದ ಒತ್ತಿ ನೋಡಿದರು, ತಿಂದರು. "ಇದು ನಂದು," ಎಂದು ಇನ್ನೊಂದು ತಟ್ಟೆಯದನ್ನೂ ಬಾಯಿಗಿಟ್ಟು, "ಇಲ್ಲ, ಅದು," ಎಂದರು. ಆಮೇಲೆ ಎರಡು ತಟ್ಟೆಯನ್ನೂ ಅತ್ತ ಸರಿಸಿದರು. ನನಗೆ ಬೇಕಿದ್ದದ್ದು ಅವರ ಕೈಗೆ ವಿಶ್ರಾಂತಿ. ಆ ಮುಖ ಸಪ್ಪಗಾಗುವುದಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆ ಕೇಳಿದರು: "ಎರಡು ಡಬ್ಬಕ್ಕೂ ಉಪ್ಪು ಹಾಕಿದ್ದು ಯಾರು?"

"ನೀವೇ ಅತ್ತೆ."

"ಅಂಗೇ ಹೇಳಿ ಮತ್ತೆ."

ಮಗಳು ಬಾಯಿ ತೆರೆದವಳು ನಕ್ಕುಬಿಟ್ಟಳು. "ಅಜ್ಜಿ ಕೇಳಿದ್ದು ಸರಿ ಕಣಮ್ಮ. ಉಪ್ಪು ಹಾಕೋ ಕೈನ ನಾವು ಬದಲಾಯಿಸೇ ಇಲ್ಲ."

ಅವತ್ತಿನಿಂದ ಕಲಸುವುದು ನನ್ನ ಸೌಟು, ಉಪ್ಪು ಹಾಕುವುದು ಅತ್ತೆಯ ಕೈ. ಊತ ಇಳಿದಿದೆ. "ಉಪ್ಪಿಂದೂ ಒಂದ್ಸಲ ನೋಡ್ಬುಡೋಣ್ವಾ?" ಎಂದು ಮಗಳು ಮೊನ್ನೆ ಮೆತ್ತಗೆ ಕೇಳಿದಳು. ಚಟ್ನಿಗೆ ಕೊತ್ತಂಬರಿ ಸೊಪ್ಪು ತಾ ಎಂದು ಅವಳನ್ನು ಅಂಗಡಿಗೆ ಓಡಿಸಿದೆ.