ಮಡಿಕೋಲಿಗೆ ಬಗ್ಗದ ಗಾಜು

ಗಾಜಿನ ಫೋನು ಕೊಂಡವರಿಗೆಲ್ಲ ಒಂದು ಹೊಸ ಚಟ ಅಂಟಿಕೊಳ್ಳುತ್ತದೆ: ಒರೆಸುವುದು. ನೀವೂ ಗಮನಿಸಿರಬಹುದು, ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ಜೇಬಿನಿಂದ ಅದನ್ನು ತೆಗೆದು, ಅಂಗಿಯ ತುದಿಗೆ ತಿಕ್ಕಿ, ಬೆಳಕಿಗೆ ಹಿಡಿದು, ಯಾರಿಗೂ ಕಾಣದ ಕಲೆಯೊಂದನ್ನು ಕಂಡು ಮತ್ತೆ ತಿಕ್ಕುತ್ತಾರೆ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಆ ದಿನಗಳಲ್ಲಿ, ಹೊಳೆನರಸೀಪುರದಿಂದ ಹಾಸನದ ಕಾಲೇಜಿಗೆ ನಿತ್ಯ ಓಡಾಡುತ್ತಿದ್ದ ನಾನು ಈ ಶುದ್ಧೀಕರಣ ವ್ರತಕ್ಕೆ ಹೊಸದಾಗಿ ದೀಕ್ಷೆ ಪಡೆದಿದ್ದೆ. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯನ್ನು ಫೋನಿಗೆ ಮೀಸಲಿಟ್ಟಿದ್ದರಿಂದ ಲೋಕವೆಲ್ಲ ಮಸುಕಾಗಿ, ಫೋನೊಂದೇ ನಿಚ್ಚಳವಾಗಿ ಕಾಣುತ್ತಿತ್ತು.

ನಾನು ಕಲಿಸುತ್ತಿದ್ದುದು ಇತಿಹಾಸ. ಆದರೂ ಆಪರೇಟಿಂಗ್ ಸಿಸ್ಟಂ ಎಂಬುದರ ತಾರತಮ್ಯವನ್ನು, ಅಂಗಡಿಯವನು ಹೇಳಿಕೊಟ್ಟಷ್ಟನ್ನೇ, ಸ್ವಂತ ಸಂಶೋಧನೆಯೆಂಬ ಗಾಂಭೀರ್ಯದಿಂದ ಸ್ಟಾಫ್ ರೂಮಿನಲ್ಲಿ ಪ್ರತಿಪಾದಿಸುತ್ತಿದ್ದೆ. ನಮ್ಮಲ್ಲಿ ಆಗ ಎರಡು ಪಂಥಗಳಿದ್ದವು. ಗುಂಡಿ ಒತ್ತುವ ಹಳೆಯ ಸಿಸ್ಟಮ್ಮಿನವರು ಬಹುಮತದಲ್ಲಿದ್ದರು. ಬೆರಳು ಸವರಿದರೆ ಸಾಕೆನ್ನುವ ಹೊಸ ಸಿಸ್ಟಮ್ಮಿಗೆ ಇದ್ದವನು ನಾನೊಬ್ಬನೇ. ಅಲ್ಪಸಂಖ್ಯಾತನ ಗಂಟಲು ದೊಡ್ಡದಾಗಿರಲೇಬೇಕಷ್ಟೆ. ನನ್ನದರಲ್ಲಿ ನಕ್ಷೆಯಿದೆ ಎಂದರೆ, ಹಾಸನಕ್ಕೂ ಹೊಳೆನರಸೀಪುರಕ್ಕೂ ನಡುವೆ ದಾರಿ ತಪ್ಪುವುದಾದರೂ ಹೇಗೆ ಎಂದು ಕೇಳುತ್ತಿದ್ದರು. ಅವರ ಫೋನಿಗೆ ವಾರಕ್ಕೊಮ್ಮೆ ಚಾರ್ಜು ಸಾಕಿತ್ತು, ನನ್ನದಕ್ಕೆ ಮಧ್ಯಾಹ್ನವಾಗುತ್ತಲೇ ಹಸಿವು. ಅವರ ಫೋನು ಕನ್ನಡವನ್ನು ಕನ್ನಡವಾಗಿಯೇ ತೋರಿಸುತ್ತಿತ್ತು, ನನ್ನದರಲ್ಲಿ ಸಾಲುಸಾಲು ಖಾಲಿ ಚೌಕಗಳು ಮೂಡುತ್ತಿದ್ದವು. ಅದರಿಂದ ಸಂದೇಶ ಉದ್ದವಾಗಿದೆಯೆಂದಷ್ಟೇ ತಿಳಿಯುತ್ತಿತ್ತು.

ಮಲ್ಲಿಪಟ್ಟಣದ ಕಡೆಯವರಾದ ಭೂಗೋಳದ ರಾಜಣ್ಣ ಮೇಷ್ಟ್ರು ಒಮ್ಮೆ ನನ್ನ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನೋಡಾಕೆ ಚೆಂದಾಗೈತೆ ಕಣ್ರೀ ಮೇಷ್ಟ್ರೇ. ಆದ್ರೆ ನಂದು ಗದ್ದೆ ಕೆಸ್ರಲ್ಲಿ ಬಿದ್ರೂ ಎತ್ಕಂಡು ಮಾತಾಡ್ಬೋದು. ನಿಮ್ದು ಕೈ ಒದ್ದೆಯಾದ್ರೇ ಮುನಿಸ್ಕತದೆ" ಎಂದರು. ಇದು ಅಸೂಯೆಯೆಂದು ತೀರ್ಮಾನಿಸಿ ನಾನು ಫೋನು ಒರೆಸಿಕೊಂಡೆ.

ಈಗ ನಮ್ಮ ಮನೆಯ ಸಂಗತಿ ಹೇಳಬೇಕು. ನಮ್ಮಮ್ಮನ ಮಡಿ ಬಹಳ ಗಟ್ಟಿ. ಮಿಂದು ಮಡಿಯುಟ್ಟ ಮೇಲೆ ಮೈಲಿಗೆಯ ಯಾವ ವಸ್ತುವನ್ನೂ ಅವಳು ಮುಟ್ಟುವುದಿಲ್ಲ. ಹಗ್ಗದ ಮೇಲಿನ ಒಣಗಿದ ಬಟ್ಟೆಯನ್ನು ಇಳಿಸಲು ಉದ್ದನೆಯ ಬಿದಿರಿನ ಮಡಿಕೋಲು ಒಂದಿದೆ. ಬಾಗಿಲ ಚಿಲಕ, ದೀಪದ ಸ್ವಿಚ್ಚು, ಅಡ್ಡ ಬಂದ ಮಕ್ಕಳು, ಎಲ್ಲರ ಮೇಲೂ ಆ ಕೋಲಿನದೇ ಅಧಿಕಾರ. ಮನೆಗೆ ಮೊದಲ ಮೊಬೈಲು ಬಂದಾಗ ಅಮ್ಮ ಅದನ್ನು ಕಿಟಕಿಯ ಅಂಚಿನಲ್ಲಿಡಿಸಿ, ಕೋಲಿನ ತುದಿಯಿಂದ ಹಸಿರು ಗುಂಡಿ ಒತ್ತಿ, ಸ್ಪೀಕರಿನಲ್ಲಿ ಮಾತಾಡಿ, ಕೆಂಪು ಗುಂಡಿ ಒತ್ತಿ ಮುಗಿಸುವುದನ್ನು ಎರಡೇ ದಿನದಲ್ಲಿ ಕರಗತ ಮಾಡಿಕೊಂಡಳು. ವಿಜ್ಞಾನಕ್ಕೂ ಸಂಪ್ರದಾಯಕ್ಕೂ ನಡೆದ ಈ ಸಂಧಾನಕ್ಕೆ ಒಂದು ಬಿದಿರುಕೋಲು ಸಾಕಾಗಿತ್ತು. ಆ ಫೋನನ್ನು ಹಳೆಯದೆಂದು ಅಂಗಡಿಗೆ ಕೊಟ್ಟು ಗಾಜಿನದನ್ನು ತಂದವನು ನಾನು. ಲ್ಯಾಂಡ್‌ಲೈನನ್ನು ಅದಕ್ಕೂ ಮೊದಲೇ ತೆಗೆಸಿದ್ದೆವು.

ಅಜ್ಜಿಯ ವರ್ಷದ ಶ್ರಾದ್ಧ ಬಂತು. ಹಿಂದಿನ ಸಂಜೆಯೇ ನನ್ನ ತಂಗಿ ಶಾರದೆಗೆ ನೋವು ಕಾಣಿಸಿಕೊಂಡು ಹಾಸನದ ಆಸ್ಪತ್ರೆಗೆ ಸೇರಿಸಿದ್ದೆವು, ಚೊಚ್ಚಲು ಹೆರಿಗೆ. ನನ್ನ ಹೆಂಡತಿ ವಸಂತಿ ಅವಳ ಜೊತೆಗಿದ್ದಳು. ಶ್ರಾದ್ಧ ನಿಲ್ಲಿಸುವಂತಿಲ್ಲ, ಅಡಿಗೆಗೆ ಅಮ್ಮನನ್ನು ಬಿಟ್ಟರೆ ಗತಿಯಿಲ್ಲ. ಮಗಳ ಹತ್ತಿರ ಇರಬೇಕಾದವಳು ಬೆಳಗಿನಿಂದ ಉದ್ದು ರುಬ್ಬುತ್ತಿದ್ದಳು. ಅಪ್ಪ ಕರ್ತೃವಾಗಿ ಬೆರಳಿಗೆ ದರ್ಭೆಯ ಪವಿತ್ರ ತೊಟ್ಟು, ಮಂತ್ರ ಹೇಳಿಸುವ ಶಾಸ್ತ್ರಿಗಳ ಮುಂದೆ ಕೂತಿದ್ದರು. ಬಡಿಸುವವನಾದ ನಾನು ಒದ್ದೆ ಪಂಚೆಯಲ್ಲಿ ನಡುಗುತ್ತಿದ್ದೆ. ಪಕ್ಕದ ಮನೆಯವರು ಚನ್ನರಾಯಪಟ್ಟಣಕ್ಕೆ ಮದುವೆಗೆ ಹೋಗಿದ್ದರು. ಇಡೀ ಮನೆಯಲ್ಲಿ ಮಡಿಯಲ್ಲಿಲ್ಲದ್ದು ಕಿಟಕಿಯ ಅಂಚಿನಲ್ಲಿದ್ದ ಫೋನೊಂದೇ.

ಅದು ಹೊಡೆದುಕೊಂಡಿತು. ವಸಂತಿಯ ಹೆಸರು ಗಾಜಿನ ಮೇಲೆ ಹೊಳೆಯುತ್ತಿತ್ತು. ಅಮ್ಮ ಅಡಿಗೆಮನೆಯಿಂದ ಧಾವಿಸಿ, ಕೋಲೆತ್ತಿ, ರೂಢಿಯಂತೆ ತುದಿಯಿಂದ ಒತ್ತಿದಳು. ಗಾಜು ಕದಲಲಿಲ್ಲ. ಇನ್ನೊಮ್ಮೆ ಒತ್ತಿದಳು. ನಾನು ದೂರದಿಂದಲೇ "ಒತ್ತೋದಲ್ಲಮ್ಮ, ಸವರಬೇಕು" ಎಂದೆ. ಸವರಿದಳು. ಜೀವವಿಲ್ಲದ ಬಿದಿರಿಗೆ ಆ ಗಾಜು ಓಗೊಡುವುದಿಲ್ಲ, ಅದಕ್ಕೆ ಬೇಕಾದ್ದು ಮನುಷ್ಯರ ಚರ್ಮ ಎಂಬ ಮುಖ್ಯ ವಿಷಯವನ್ನು ಅಂಗಡಿಯವನು ನನಗೆ ಹೇಳಿರಲಿಲ್ಲ. ತಾರತಮ್ಯ ಮೀಮಾಂಸೆಯಲ್ಲಿ ನಾನೂ ಅದನ್ನು ಗಮನಿಸಿರಲಿಲ್ಲ. ಕರೆ ನಿಂತಿತು.

ಮಂತ್ರವೂ ನಿಂತಿತು. ಶಾಸ್ತ್ರಿಗಳು ಅಪ್ಪನ ಮುಖ ನೋಡಿದರು, ಅಪ್ಪ ನೆಲ ನೋಡಿದರು. ಡಾಕ್ಟರು ಬೆಳಿಗ್ಗೆಯೇ, ಮಗುವಿನ ತಲೆ ಇನ್ನೂ ಕೆಳಗಿಳಿದಿಲ್ಲ, ಕಾದು ನೋಡೋಣ ಎಂದಿದ್ದರು. ಆ ಕಾಯುವಿಕೆ ಏನಾಯಿತೋ ಎಂಬ ಒಂದೇ ಯೋಚನೆ ಎಲ್ಲರ ತಲೆಯಲ್ಲೂ. ಫೋನು ಮತ್ತೆ ಹೊಡೆದುಕೊಂಡಿತು. ಮೈಲಿಗೆಯಾದರಾಗಲಿ, ನಾನೇ ಎತ್ತುತ್ತೇನೆಂದು ಹೆಜ್ಜೆಯಿಟ್ಟೆ. ಅಮ್ಮ ಕೋಲನ್ನು ನನಗಡ್ಡ ಹಿಡಿದಳು.

"ನೀನು ಮುಟ್ಟಿದ್ರೆ ಬಡಿಸೋರ್ಯಾರು? ಶಾರದೆ ಕರೀತಿರೋದು ನನ್ನನ್ನ. ಸರಿ ಆಚೆ."

ಹಾಗೆಂದು ಕೋಲನ್ನು ಗೋಡೆಗೊರಗಿಸಿ ಬೆರಳಿಟ್ಟಳು. ಗಾಜು ಆಗಲೂ ಕದಲಲಿಲ್ಲ! ಬೆರಳ ತುಂಬ ಉದ್ದಿನ ಹಿಟ್ಟು, ನೀರು. ರಾಜಣ್ಣ ಮೇಷ್ಟ್ರ ಮಾತು ಎದೆಗೆ ನಾಟಿದ ಹಾಗಾಯಿತು. "ಒರೆಸ್ಕೋಮ್ಮಾ, ಬೆರಳು ಒರೆಸ್ಕೋ, ಎಡದಿಂದ ಬಲಕ್ಕೆ ಎಳಿ" ಎಂದು ಕೂಗಿಕೊಂಡೆ. ಅಮ್ಮ ಮಡಿಸೀರೆಯ ಸೆರಗಿಗೇ ಬೆರಳನ್ನು ತಿಕ್ಕಿ, ರಂಗೋಲಿಯ ಎಳೆ ಎಳೆಯುವಂತೆ ಒಂದು ಗೆರೆ ಎಳೆದಳು. ಕರೆ ತೆರೆದುಕೊಂಡಿತು. ಮಂತ್ರ ನಿಂತಿದ್ದರಿಂದ ಅತ್ತಲಿನ ದನಿ ನನಗೂ ಕೇಳಿಸಿತು.

"ಅತ್ತೆ, ಆಪರೇಷನ್ ಅಂತ ಒಳಗೆ ಕರ್ಕೊಂಡು ಹೋಗ್ತಿದಾರೆ. ಇವಳು ಹೆದರ್ಕೊಂಡು ಸ್ಟ್ರೆಚರ್ ಹಿಡ್ಕೊಂಡ್ಬಿಟ್ಟಿದಾಳೆ, ನಿಮ್ಮ ಹತ್ರ ಮಾತಾಡ್ದೆ ಹೋಗಲ್ವಂತೆ" ಎಂದಳು ವಸಂತಿ. ಆಮೇಲೆ ಶಾರದೆಯ ದನಿ, "ಅಮ್ಮಾ" ಎಂದಷ್ಟೇ.

ಅಮ್ಮ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಕೆನ್ನೆಗೆ ಒತ್ತಿಕೊಂಡಳು. "ಹೋಗು ಕಂದ. ನಾನಿದೀನಿ ಅಲ್ವೇನೆ. ಕಣ್ಮುಚ್ಕೊಂಡು ಹೋಗು, ಬರ್ತೀನಿ ನಾನು" ಎಂದಳು.

ಆಮೇಲೆ ಬಾವಿಕಟ್ಟೆಗೆ ಹೋಗಿ ತಣ್ಣೀರು ಸುರಿದುಕೊಂಡು ಬಂದಳು. ಒಣಗಿದ ಮಡಿಸೀರೆ ಇನ್ನೊಂದಿರಲಿಲ್ಲವಾದ್ದರಿಂದ ಒದ್ದೆಯಲ್ಲೇ ಒಲೆಯ ಮುಂದೆ ಕೂತು ಉಳಿದ ವಡೆ ಕರಿದಳು. ನಾನು ಬಡಿಸಿದೆ, ಪಾಯಸದ ಜಾಗಕ್ಕೆ ಸಾರು ಹಾಕಿದರೂ ಶಾಸ್ತ್ರಿಗಳು ಗದರಲಿಲ್ಲ. ಫೋನು ಸುಮ್ಮನೆ ಬಿದ್ದಿತ್ತು. ಅಮ್ಮ ಅಡಿಗೆಮನೆಯ ಬಾಗಿಲಿಂದ ಅದನ್ನೇ ನೋಡುತ್ತಿದ್ದಳು. ಹೊಡೆದುಕೊಂಡರೂ ಹೆದರಿಕೆ, ಹೊಡೆದುಕೊಳ್ಳದಿದ್ದರೂ ಹೆದರಿಕೆ. ಕೊನೆಗೆ ಪಿಂಡಗಳನ್ನು ಹೊಳೆಗೆ ಬಿಟ್ಟು ಬಂದು, ನಾನು ಮಡಿ ಬಿಚ್ಚಿ ಅಂಗಿ ತೊಡುವ ಹೊತ್ತಿಗೆ ಅದು ದನಿಯೆತ್ತಿತು. ಹೆಣ್ಣು ಮಗು, ಇಬ್ಬರೂ ಕ್ಷೇಮ. ಪುರುಡಿನ, ಅಂದರೆ ಹೆರಿಗೆಯ ಸೂತಕದ, ಪ್ರಶ್ನೆಯನ್ನು ಅಪ್ಪ ತೆಗೆಯುವ ಮೊದಲೇ ಶಾಸ್ತ್ರಿಗಳು, "ಮಗಳ ಮಗು, ಬೇರೆ ಗೋತ್ರ, ಹೆತ್ತಿದ್ದೂ ಹಾಸನದಲ್ಲಿ. ನಿಮಗೇನೂ ಇಲ್ಲ, ಸಂತೋಷವಾಗಿ ಊಟ ಮಾಡಿ" ಎಂದು ತೀರ್ಪು ಕೊಟ್ಟರು. ಅಮ್ಮ ಊಟ ಮಾಡಲಿಲ್ಲ. ಗೋಡೆಗೆ ತಲೆಯಾನಿಸಿ ಅತ್ತಳು.

ಅಂದು ಸಂಜೆ ಹಾಸನದಲ್ಲಿ ಮಗುವನ್ನು ಒಳಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಯಾರೂ ಮುಟ್ಟುವಂತಿಲ್ಲ, ನಾಳೆ ಕೊಡುತ್ತೇವೆ ಎಂದರು. ನರ್ಸು ನನ್ನ ಫೋನನ್ನು ಒಯ್ದು ಫೋಟೋ ತೆಗೆದು ತಂದುಕೊಟ್ಟಳು. ಅಮ್ಮ ಬೆಂಚಿನ ಮೇಲೆ ಕೂತು ಆ ಪುಟ್ಟ ಮುಖದ ಕೆನ್ನೆ ಸವರಿದಳು. ಸವರಿದೊಡನೆ ಫೋಟೋ ಸರಿದುಹೋಗಿ, ಸ್ಟಾಫ್ ರೂಮಿನಲ್ಲಿ ಎಂದೋ ತೆಗೆದಿದ್ದ ಚಿತ್ರದಲ್ಲಿ ರಾಜಣ್ಣ ಮೇಷ್ಟ್ರು ಬಂದು ನಿಂತರು. "ಅಯ್ಯೋ, ಎಲ್ಲಿ ಹೋಯ್ತೋ ಮಗು!" ಎಂದು ಅಮ್ಮ ಗಾಬರಿಯಾದಳು. ಮರಳಿ ತಂದುಕೊಟ್ಟೆ. ಈ ಸಲ ಅವಳು ಸವರಲಿಲ್ಲ, ಬೆರಳನ್ನು ಕೆನ್ನೆಯ ಮೇಲೆ ಸುಮ್ಮನೆ ಇಟ್ಟುಕೊಂಡಳು.

ಯಾವ ಸಿಸ್ಟಂ ಒಳ್ಳೆಯದೆಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಶ್ರಾದ್ಧದ ದಿನಕ್ಕೆ ಗುಂಡಿಯದೇ ಸರಿ ಎಂದು ಅಮ್ಮನ ತೀರ್ಮಾನವಾಗಿ, ಮರುವಾರವೇ ಅಂಥದೊಂದು ಮನೆಗೆ ಮರಳಿ ಬಂತು. ಆದರೆ ಅಂದು ಆಸ್ಪತ್ರೆಯಿಂದ ಹೊರಟು, ಬಸ್ಸಿನಲ್ಲಿ ಸೀಟು ಹಿಡಿದು, ಅಭ್ಯಾಸಬಲದಿಂದ ಫೋನು ತೆಗೆದು ಬೆಳಕಿಗೆ ಹಿಡಿದಾಗ, ಗಾಜಿನ ನಡುವೆ ಅಮ್ಮನ ಬೆರಳ ಗುರುತು, ಅಂಚಿನಲ್ಲಿ ಒಣಗಿದ ಉದ್ದಿನ ಹಿಟ್ಟು ಕಾಣಿಸಿದವು. ಒರೆಸಲು ತೆಗೆದ ಬಟ್ಟೆಯಿಂದ ಕನ್ನಡಕ ಒರೆಸಿಕೊಂಡೆ.