ಪ್ಯೂನ್ ಮಲ್ಲಣ್ಣ

ಶಿಕಾರಿಪುರದ ನಮ್ಮ ಪಿಯು ಕಾಲೇಜು ಪ್ರಿನ್ಸಿಪಾಲರಿಲ್ಲದೆ ಒಂದು ವಾರ ನಡೆದೀತು, ಮಲ್ಲಣ್ಣ ಇಲ್ಲದೆ ಅರ್ಧ ದಿನವೂ ನಡೆಯುವುದಿಲ್ಲ. ಪೂರ್ತಿ ಹೆಸರು ಮಲ್ಲಿಕಾರ್ಜುನಪ್ಪ, ಊರು ಉಡುತಡಿ, ಕೆಲಸ ಪ್ಯೂನ್. ಬೆಳಿಗ್ಗೆ ಹೊಲಕ್ಕೆ ನೀರು ಬಿಟ್ಟು, ಬೈಕಿನಲ್ಲಿ ಬಂದು ಗೇಟಿನ ಬೀಗ ತೆಗೆಯುತ್ತಾರೆ. ಸೊರಬದಿಂದ ಬಸ್ಸಿನಲ್ಲಿ ಬರುವ ನನಗೆ ತಡವಾದರೆ, "ಶ್ರೀಲತಾ ಮೇಡಂ ಸ್ಟ್ಯಾಂಡಿನಾಗ ಇಳಿದಾರಂತ್ರೀ, ಇನ್ನೇನು ಬಂದ್ರು" ಎಂದು ಪ್ರಿನ್ಸಿಪಾಲರಿಗೆ ಸುಳ್ಳು ಹೇಳಿ ಕಾಪಾಡುವವರೂ ಅವರೇ.

ಕಾಲೇಜಿನಲ್ಲಿ ಎಲ್ಲರೂ ಅವರನ್ನು ಅಣ್ಣ ಎನ್ನುತ್ತಾರೆ. ಮೊದಲ ಪಿಯುಸಿಗೆ ಹೊಸದಾಗಿ ಸೇರಿದ ಧನ್ಯಾಳೂ ಹಾಗೇ ಕರೆಯುತ್ತಿದ್ದಳು.

"ಮಲ್ಲಣ್ಣ, ಆಫೀಸು ತೆಗ್ದೈತಾ?"

"ತೆಗ್ದೈತಮ್ಮ, ಹೋಗು."

ಒಂದು ದಿನ ಅಡ್ಮಿಷನ್ ಫೈಲು ತಿರುವಿ ಹಾಕುವಾಗ ಅವಳ ತಂದೆಯ ಹೆಸರು ಕಣ್ಣಿಗೆ ಬಿತ್ತು. ಮಲ್ಲಿಕಾರ್ಜುನಪ್ಪ, ಉಡುತಡಿ. ಅಪ್ಪ ಬೈಕಿನಲ್ಲಿ, ಮಗಳು ಬಸ್ಸಿನಲ್ಲಿ! ಹೆತ್ತವನನ್ನೇ ಹುಡುಗಿ ಊರವರಂತೆ ಅಣ್ಣ ಎನ್ನುತ್ತಿದ್ದಳು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆವತ್ತು ಕೋಪಕ್ಕಿಂತ ಸಂಕಟವೇ ಹೆಚ್ಚಾಯಿತು.

ಬೈದರೆ ಕೆಲಸ ಕೆಡುತ್ತದೆಂದು ನನ್ನ ಇಂಗ್ಲಿಷ್ ಪಾಠದ ನೆಪ ಹುಡುಕಿದೆ. ಮರುದಿನ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ‘ಪ್ಯೂನ್’ ಎಂದು ಬರೆದೆ. ಲ್ಯಾಟಿನ್ ಭಾಷೆಯಲ್ಲಿ ಪಾದ ಎಂಬ ಅರ್ಥದ ಮಾತಿನಿಂದ ಹುಟ್ಟಿದ ಪದವಿದು, ಮೊದಲು ಕಾಲಾಳು ಸೈನಿಕನ ಹೆಸರಾಗಿತ್ತು ಎಂದೆ. ಚದುರಂಗದ ಪದಾತಿಗೆ ಇಂಗ್ಲಿಷಿನಲ್ಲಿರುವ ‘ಪಾನ್’ ಎಂಬ ಹೆಸರೂ ಅದೇ ಬೇರಿನದು. ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕರಾವಳಿಗೆ ಬಂದ ಪದ ಇಲ್ಲಿ ಸಿಪಾಯಿಯಾಯಿತು, ಕಾಗದ ಒಯ್ಯುವವನಾಯಿತು, ಕೊನೆಗೆ ಆಫೀಸಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿತು. ಅದೇ ಪದ ಅಮೆರಿಕದ ಕಡೆ ಹೋದಾಗ ಅದಕ್ಕೆ ಜೀತದಾಳು ಎಂಬ ಅರ್ಥ ಅಂಟಿಕೊಂಡಿತು. ನಮ್ಮ ‘ಜವಾನ’ನ ಪಾಡೂ ಅಷ್ಟೇ. ಪಾರಸಿಯಲ್ಲಿ ಅವನು ಬರೀ ತರುಣ. ಇಲ್ಲಿ ಗಡಿ ಕಾಯುವವನೂ ಜವಾನ, ಗಂಟೆ ಹೊಡೆಯುವವನೂ ಜವಾನ.

"ಪ್ಯೂನ್ ಅಂದ್ರೆ ಸೈನಿಕ, ತಿಳೀತಾ?" ಎಂದು ಧನ್ಯಾಳ ಕಡೆ ನೋಡಿದೆ. ಅವಳು ತಲೆ ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಮಲ್ಲಣ್ಣ ನಗುತ್ತಾ ಬಂದರು.

"ಧನ್ಯಾ ಮನ್ಯಾಗ ಎಲ್ಲಾ ಹೇಳಿದ್ಲು ಮೇಡಂ. ನಾನು ಸಿಪಾಯಿ ಅಂತಲ್ರೀ! ನನಗ್ಯಾಕ ಕತ್ತಿ ಕೊಡ್ತೀರಿ? ಗಂಟಿ ಹೊಡಿತೀನಿ, ಬಾಗಿಲು ತೆಗಿತೀನಿ, ಮನಿಗೆ ಹೋಗಿ ನೆಮ್ಮದಿಯಿಂದ ಉಣ್ತೀನಿ. ಇದರಾಗ ಏನು ಕಮ್ಮಿ ಐತಿ?"

ನನಗೆ ನಾಚಿಕೆಯಾಯಿತು. ಅವರ ಕೆಲಸಕ್ಕೆ ಮರ್ಯಾದೆ ತರಲು ನಾನು ಸೈನಿಕನನ್ನು ಎರವಲು ತಂದಿದ್ದೆ.

"ಅವಳು ಅಣ್ಣ ಅಂತಾಳಲ್ಲ, ಬೇಜಾರಾಗಲ್ವಾ?" ಎಂದೆ.

ಅವರ ನಗು ನಿಂತಿತು. "ಆಗತೈತ್ರೀ. ಹುಡುಗು ಬುದ್ಧಿ ಅಂತ ಸುಮ್ನಿದೀನಿ. ಒಂದೇ ಸಲ ಇಲ್ಲಿ ಅಪ್ಪ ಅಂದ್ರ ಸಾಕು."

ಗಣಪತಿ ಹಬ್ಬ ಕಳೆದ ಮೇಲೆ ಪೋಷಕರ ಸಭೆ ಬಂತು. "ಅಪ್ಪಗ ಹೊಲದಾಗ ಕೆಲ್ಸ ಐತಿ ಮೇಡಂ, ಬರಾಕ ಆಗಲ್ಲ" ಎಂದು ಧನ್ಯಾ ಮೊದಲೇ ಹೇಳಿಬಿಟ್ಟಿದ್ದಳು. ಹೊಲದಲ್ಲಿರಬೇಕಾದ ಅಪ್ಪ ಟ್ರೇ ಹಿಡಿದು ಚಹಾ ಹಂಚುತ್ತಿದ್ದರು. ಹೆಸರು ಕೂಗುವ ರಭಸದಲ್ಲಿ ನಾನು ಯೋಚಿಸದೆ ಕೇಳಿಬಿಟ್ಟೆ.

"ಧನ್ಯಾ, ನಿಮ್ಮನೆಯಿಂದ ಯಾರು ಬಂದಿದಾರೆ?"

ಅವಳು ಎದ್ದು ನಿಂತಳು. ಮಲ್ಲಣ್ಣ ಅರ್ಧ ಸಾಲಿಗಷ್ಟೇ ಚಹಾ ಕೊಟ್ಟಿದ್ದರು. ಉಳಿದದ್ದನ್ನು ಬಿಟ್ಟು ಬೇಗ ಬೇಗ ಬಾಗಿಲ ಕಡೆ ಹೊರಟರು. ಮಗಳಿಗೆ ಮುಜುಗರವಾಗಬಾರದೆಂದು ತಾವೇ ಮರೆಯಾಗುತ್ತಿದ್ದರು. ಅದು ನನಗೆ ಕಂಡಂತೆ ಅವಳಿಗೂ ಕಂಡಿತು.

"ಅಪ್ಪಾ, ಎಲ್ಲಿಗೆ ಹೊಂಟಿ? ಟ್ರೇ ನನಗ ಕೊಡು. ನೀನು ಇಲ್ಲಿ ಬಂದು ಕೂತ್ಕ."

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಟ್ರೇ ಇಸಿದುಕೊಂಡು, ಕಣ್ಣು ತುಂಬಿಕೊಂಡೇ ಉಳಿದವರಿಗೆ ಚಹಾ ಕೊಡುತ್ತಾ ಹೋದಳು. ಮಲ್ಲಣ್ಣ ಅಂಗಿಗೆ ಕೈ ಒರೆಸಿಕೊಂಡು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ದಿನಕ್ಕೆ ಹತ್ತು ಸಲ ನನ್ನನ್ನು ಕಾಣುವ ಆ ಮನುಷ್ಯ, ಮೂರು ತಿಂಗಳಿಂದ ಇಲ್ಲಿ ಅಪ್ಪನಾಗಿ ಕೇಳಲಾಗದೆ ಉಳಿದಿದ್ದ ಮಾತನ್ನು ಎಲ್ಲರಿಗೂ ಕೇಳುವಂತೆ ಕೇಳಿದರು:

"ಮೇಡಂ, ನಮ್ಮ ಹುಡುಗಿ ಇಂಗ್ಲಿಷಿನಾಗ ಹೆಂಗದಾಳ್ರೀ?"